ಅಪ್ಪ ಕೆತ್ತಿದ ಅಚ್ಚು

ಮೊನ್ನೆ ಭಾನುವಾರ ನಮ್ಮ ಮನೆ ಜಗಲಿಯಲ್ಲಿ ಸಣ್ಣ ಸಭೆ ಇತ್ತು. ಆಗಸ್ಟ್ 15ಕ್ಕೆ ಕೇರಿಯ ಮಕ್ಕಳಿಗೆ ಸಂವಿಧಾನದ ಬಗ್ಗೆ ಒಂದು ಕಾರ್ಯಕ್ರಮ ಮಾಡೋಣ ಅಂತ ಮಾತಾಡ್ತಾ ಕೂತಿದ್ವಿ. ಹೊರಗೆ ಮಳೆ. ತೀರ್ಥಹಳ್ಳಿ ಮಳೆ ಗೊತ್ತಲ್ಲ, ಪಕ್ಕದಲ್ಲಿ ಕೂತವನಿಗೆ ಕೇಳಬೇಕು ಅಂದ್ರೂ ಕೂಗಬೇಕು. ಮಾತಿನ ಮಧ್ಯೆ ನಾನು ನನ್ನ ಪಾಡಿಗೆ ಒದ್ದೆ ಶೂ ಒಳಗಿಂದ ನೆನೆದ ಪೇಪರ್ ತೆಗೆದು ಒಣ ಪೇಪರ್ ತುಂಬ್ತಾ ಇದ್ದೆ. ಸಂಘಟನೆಗೆ ಹೊಸದಾಗಿ ಬಂದಿರೋ ಒಬ್ಬ ಹುಡುಗ, ಡಿಗ್ರಿ ಎರಡನೇ ವರ್ಷದವನು, ಆಗಿಂದ ನೋಡ್ತಾ ಇದ್ದವನು ತಡೆಯಲಾರದೆ ಕೇಳೇಬಿಟ್ಟ.

"ಅಣ್ಣ, ಬೇಜಾರು ಮಾಡ್ಕಬೇಡಿ. ಚರ್ಮದ ಕೆಲಸ ಬಿಡಿ ಅಂತ ನಮ್ಮೋರು ಇಷ್ಟು ವರ್ಷ ಹೋರಾಟ ಮಾಡಿದ್ರು. ನೀವು ನೋಡಿದ್ರೆ ಸಂವಿಧಾನದ ಮೀಟಿಂಗಲ್ಲಿ ಶೂ ತೊಡೆ ಮೇಲೆ ಇಟ್ಕೊಂಡು ಕೂತಿದೀರಿ. ನೂರೈವತ್ತು ರೂಪಾಯಿಗೆ ಪ್ಲಾಸ್ಟಿಕ್ ಚಪ್ಪಲಿ ಸಿಗ್ತದೆ. ಮಳೆಗಾಲಕ್ಕೆ ಅದು ಸಾಕಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗ ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ. ಆದರೆ ರಾತ್ರಿ ಮಲಗಿದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಅಲ್ಲಿ ಹೇಳಲಾಗದ್ದನ್ನ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮಜ್ಜ ಬಯಲುಸೀಮೆಯವನು. ಚನ್ನಗಿರಿ ಕಡೆಯಿಂದ ಹೊಟ್ಟೆಪಾಡಿಗೆ ಮಲೆನಾಡಿಗೆ ಬಂದು ಇಲ್ಲೇ ನಿಂತವನು. ತೋಟದ ಕೂಲಿ ಜೊತೆಗೆ ಅವನಿಗೆ ಮೆಟ್ಟು ಹೊಲಿಯೋದು ಗೊತ್ತಿತ್ತು. ಗೊತ್ತಿತ್ತು ಅನ್ನೋದಕ್ಕಿಂತ, ಬಿಡೋ ಹಾಗಿರಲಿಲ್ಲ. ದೊಡ್ಡ ಮನೆಯ ದನ ಸತ್ತರೆ ಹೊತ್ತು ಸಾಗಿಸೋದು, ಚರ್ಮ ಸುಲಿಯೋದು, ಸುಣ್ಣದ ಗುಂಡಿಯಲ್ಲಿ ನೆನೆಹಾಕಿ ಕೂದಲು ತೆಗೆಯೋದು, ಆಮೇಲೆ ತಂಗಡಿ ತೊಗಟೆ, ಅಳಲೆಕಾಯಿ ಹಾಕಿದ ನೀರಲ್ಲಿ ವಾರಗಟ್ಟಲೆ ಇಟ್ಟು ಹದ ಮಾಡೋದು. ಅಳಲೆಕಾಯಿ ನಮ್ಮ ಕಾಡಲ್ಲೇ ಸಿಗ್ತಿತ್ತು. ತಂಗಡಿ ಬಯಲುಸೀಮೆ ಗಿಡ. ಊರ ಕಡೆ ಹೋದಾಗ ಅದರ ತೊಗಟೆಯನ್ನ ಚೀಲದಲ್ಲಿ ಕಟ್ಟಿಕೊಂಡು ಬರ್ತಿದ್ದನಂತೆ.

ಅಜ್ಜ ಅಳತೆ ತಗೊಳ್ತಿದ್ದ ರೀತಿಯನ್ನ ಅಪ್ಪ ಎಷ್ಟೋ ಸಲ ಹೇಳಿದ್ದ. ದೊಡ್ಡ ಮನೆಯ ಯಜಮಾನರ ಕಾಲನ್ನ ಅಜ್ಜ ಮುಟ್ಟೋ ಹಾಗಿಲ್ಲ. ಅಂಗಳದ ಕೆಳಗೆ ಒಂದು ಹಸಿ ಅಡಿಕೆ ಹಾಳೆ ಹಾಸಿ ದೂರ ನಿಲ್ಲೋದು. ಅಯ್ಯ ಬಂದು ಹಾಳೆ ಮೇಲೆ ಕಾಲಿಟ್ಟು, ಒತ್ತಿ, ತೆಗೆದು ಹೋಗೋದು. ಅವರು ಜಗಲಿ ಹತ್ತಿದ ಮೇಲೆ ಅಜ್ಜ ಓಡಿ ಬಂದು ಆ ಗುರುತು ಅಳಿಸೋದರೊಳಗೆ ಇದ್ದಿಲಲ್ಲಿ ಗೆರೆ ಎಳೆಯೋದು. ಪಾದದ ಎತ್ತರ, ಹಿಮ್ಮಡಿಯ ಸುತ್ತಳತೆ ಎಲ್ಲಾ ಕಣ್ಣಂದಾಜು. ಹೊಲಿದ ಮೆಟ್ಟನ್ನ ಅಂಗಳದ ತುದಿಯಲ್ಲಿ ಇಟ್ಟು ಬರಬೇಕು. ಅದರ ಮೇಲೆ ನೀರು ಚಿಮುಕಿಸಿ ಒಳಗೆ ತಗೊಳ್ತಿದ್ರು. ಮಾಡಿದ ಕೈ ಮೈಲಿಗೆ, ಮೆಟ್ಟು ಮಾತ್ರ ಮಡಿ. ಇಷ್ಟೆಲ್ಲಾ ಮಾಡಿದ ಅಜ್ಜ ಸಾಯೋ ತನಕ ಬರಿಗಾಲಲ್ಲೇ ನಡೆದ.

ಅಪ್ಪ ಹುಡುಗನಾಗಿದ್ದಾಗಲೇ ಈ ಕೆಲಸ ಪೂರ್ತಿ ಕಲಿತಿದ್ದ. ಆಮೇಲೆ ಬಿಟ್ಟ. ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಮತ್ತು ಅವರ ಜೊತೆಗಾರರು ದಲಿತ ಸಂಘರ್ಷ ಸಮಿತಿ ಕಟ್ಟಿದ ಕಾಲ ಅದು. ಆ ಗಾಳಿ ನಮ್ಮ ಕೇರಿಗೂ ಬಂತು. ಸತ್ತ ದನ ಹೊರೋದಿಲ್ಲ, ತಿನ್ನೋದಿಲ್ಲ, ಕರೆದರೆ ಹೋಗೋದಿಲ್ಲ ಅಂತ ನಮ್ಮೋರು ತೀರ್ಮಾನ ಮಾಡಿದ್ರು. ಅಪ್ಪ ಅಜ್ಜನ ಉಳಿ, ರಂಪಿಗೆಗಳನ್ನ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಎಸೀಲಿಲ್ಲ ಅನ್ನೋದನ್ನ ಗಮನಿಸಿ. ಆ ತೀರ್ಮಾನ ಸರಿಯಾಗಿತ್ತು. ಇವತ್ತಿಗೂ ಸರಿ. ಹುಟ್ಟಿದ ತಪ್ಪಿಗೆ ಹೊರಿಸಿದ ಕೆಲಸ ಬಿಡೋದು ಹಕ್ಕು. ಆ ಮಾತಲ್ಲಿ ನನಗೂ ಆ ಹುಡುಗನಿಗೂ ಜಗಳ ಇಲ್ಲ.

2006ರಲ್ಲಿ ನನಗೆ ಕೆಲಸ ಸಿಕ್ತು. ಗುಮಾಸ್ತನ ಕೆಲಸ. ಮೊದಲ ಸಂಬಳ ಕೈಗೆ ಬಂದ ಮೇಲೆ ಸಂಘಟನೆ ಕೆಲಸಕ್ಕೆ ಬೆಂಗಳೂರಿಗೆ ಹೋದವನು ಲಿಡ್ಕರ್ ಮಳಿಗೆಗೆ ನುಗ್ಗಿ ಒಂದು ಜೊತೆ ಕಪ್ಪು ಚರ್ಮದ ಶೂ ತಗೊಂಡೆ. ಲಿಡ್ಕರ್ ಅಂದ್ರೆ ಬಾಬು ಜಗಜೀವನರಾಂ ಅವರ ಹೆಸರಲ್ಲಿರೋ, 1976ರಲ್ಲಿ ಶುರುವಾದ ನಮ್ಮ ರಾಜ್ಯ ಸರ್ಕಾರದ ಚರ್ಮೋದ್ಯಮ ನಿಗಮ. ನಮ್ಮೋರು ಹೊಲಿದ ಶೂ ನಮ್ಮೋನೊಬ್ಬ ದುಡ್ಡು ಕೊಟ್ಟು ತಗೊಂಡು ಹಾಕ್ಕೊಳ್ತಾನೆ ಅನ್ನೋ ಹುಮ್ಮಸ್ಸು ನನಗೆ. ನಮ್ಮ ಮನೆತನದಲ್ಲಿ ಚರ್ಮದ ಶೂ ಹಾಕಿದ ಮೊದಲನೆಯವ ನಾನು.

ಜುಲೈ ಬಂತು. ಇಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳ್ತದೆ. ನಮ್ಮ ಪೇಟೆಗೆ ಅಷ್ಟಿಲ್ಲ, ಆದ್ರೂ ಶೂ ಕೆಡಿಸೋಕೆ ಬೇಕಾದಷ್ಟಿದೆ. ಒಂದು ಸಂಜೆ ಪೂರ್ತಿ ನೆನೆದು ಬಂದೆ. ಬೆಳಿಗ್ಗೆ ಹೊತ್ತಿಗೆ ಒಣಗಬೇಕಲ್ಲ, ಬಚ್ಚಲ ಒಲೆಯ ದಂಡೆ ಮೇಲೆ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದ್ರೆ ಸುಟ್ಟ ಹಪ್ಪಳ. ಮುಂಗಾಲು ಮೇಲಕ್ಕೆ ಸೆಟೆದು ನಿಂತಿದೆ, ಬದಿ ಒಳಕ್ಕೆ ಕುಗ್ಗಿದೆ, ಕಿರುಬೆರಳಿನ ಹತ್ರ ಬಿರುಕು. ಕಾಲೇ ಹೋಗ್ತಿಲ್ಲ.

ಅಪ್ಪ ಕೈಗೆ ತಗೊಂಡು ತಿರುಗಿಸಿ ನೋಡಿದ. "ಚರ್ಮ ಎಂತ ರೊಟ್ಟಿಯಾ, ಒಲೆ ಮೇಲೆ ಇಡಕ್ಕೆ?" ಅಂದ.

ಅವತ್ತು ಅಪ್ಪ ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಶೂ ಮಾಡುವಾಗ ಚರ್ಮವನ್ನ ಪಾದದ ಆಕಾರದ ಅಚ್ಚಿನ ಮೇಲೆ ಪಸೆ ಇರುವಾಗಲೇ ಎಳೆದು ಬಿಗಿದು, ಅಚ್ಚಿನ ಮೇಲೇ ಆರೋಕೆ ಬಿಡ್ತಾರೆ. ಆರಿದ ಮೇಲೆ ಅಚ್ಚು ತೆಗೆದ್ರೂ ಆಕಾರ ನಿಲ್ತದೆ. ಚರ್ಮ ಅಂದ್ರೆ ಹೆಣೆದುಕೊಂಡ ನಾರು. ಮತ್ತೆ ಒದ್ದೆಯಾದಾಗ ಆ ನಾರು ಸಡಿಲ ಆಗ್ತದೆ. ಅಚ್ಚಿನ ಮೇಲೆ ಕಲಿತದ್ದನ್ನ ಬಿಟ್ಟುಕೊಡ್ತದೆ. ಒಣಗುವಾಗ ಒಳಗೆ ಏನಿದೆಯೋ ಅದರ ಆಕಾರ ಹಿಡೀತದೆ. ಒಳಗೆ ಏನೂ ಇಲ್ಲದಿದ್ರೆ ಕುಗ್ತದೆ, ಮಡಚ್ಕೊಳ್ತದೆ. ಬೆಂಕಿ ತೋರಿಸಿದ್ರಂತೂ ನಾರೇ ಮುದುಡಿ ಗಟ್ಟಿಯಾಗಿಬಿಡ್ತದೆ, ಅದನ್ನ ಮತ್ತೆ ಬಿಡಿಸೋದು ಕಷ್ಟ. ಶೂ ಆಕಾರ ಕೆಡೋದಕ್ಕೆ ದೊಡ್ಡ ಕಾರಣ ನೀರಲ್ಲ, ಒಣಗಿಸೋ ರೀತಿ.

ಆ ಭಾನುವಾರ ಅಪ್ಪ ಅಟ್ಟ ಹತ್ತಿದ. ಇಪ್ಪತ್ತು ವರ್ಷದ ಮೇಲಾಗಿತ್ತು ಆ ಗೋಣಿಚೀಲ ಬಿಚ್ಚಿ. ಬೂರುಗದ ಮರದ ಎರಡು ತುಂಡು ಎಲ್ಲಿಂದಲೋ ತಂದಿದ್ದ. ಹಗುರ ಮರ, ಪಸೆ ಹೀರ್ತದೆ, ಕೆತ್ತೋದು ಸುಲಭ. ನನ್ನನ್ನ ಜಗಲಿಯಲ್ಲಿ ನಿಲ್ಲಿಸಿ ಕೆಳಗೆ ಕುಕ್ಕರಗಾಲಲ್ಲಿ ಕೂತು ನನ್ನ ಪಾದ ಹಿಡಿದ.

ನನಗೆ ಮೈ ಜುಮ್ ಅಂತು. ಅಪ್ಪ ಮಗನ ಕಾಲು ಹಿಡಿಯೋದಾ? ಕಾಲು ಹಿಂದಕ್ಕೆ ಎಳ್ಕೊಂಡೆ.

"ಸುಮ್ನೆ ನಿಲ್ಲ ಮಾರಾಯ. ಮುಟ್ದೆ ಅಳತೆ ತಗಳದು ನಿನ್ನಜ್ಜನ ಕಾಲಕ್ಕೇ ಮುಗೀತು" ಅಂದ.

ಬೆರಳುಗಳ ಬುಡ, ಪಾದದ ಕಮಾನು, ಹಿಮ್ಮಡಿ ಎಲ್ಲಾ ಒತ್ತಿ ನೋಡಿ ದಾರ ಸುತ್ತಿ ಗಂಟು ಹಾಕಿಕೊಂಡ. "ಬಲಗಾಲು ಒಂದು ನೂಲು ದೊಡ್ಡದದೆ ನಿಂಗೆ" ಅಂದ. ಇಪ್ಪತ್ತಾರು ವರ್ಷ ಆ ಕಾಲಲ್ಲೇ ನಡೆದವನಿಗೆ ಅದು ಗೊತ್ತಿರಲಿಲ್ಲ.

ಅಚ್ಚು ಮೂರು ತುಂಡಿನದು. ಮುಂಗಾಲಿಗೆ ಒಂದು, ಹಿಮ್ಮಡಿಗೆ ಒಂದು, ಮಧ್ಯೆ ಜಾರಿಸೋಕೆ ಒಂದು ಬೆಣೆ. ಇಡೀ ಮರದ ತುಂಡು ತುರುಕಿದ್ರೆ ಶೂ ಹಿಂಭಾಗ ಹರಿದುಹೋಗ್ತದೆ. ಮೊದಲು ಮುಂದಿನದು, ಆಮೇಲೆ ಹಿಂದಿನದು, ಕೊನೆಗೆ ಬೆಣೆ. ಬೆಣೆ ಎಷ್ಟು ಒತ್ತಬೇಕು ಅನ್ನೋದು ಕೈಗೆ ಗೊತ್ತಾಗಬೇಕು. ಮೇಲಿನ ಸುಕ್ಕು ಬಿಡಿಸಬೇಕು, ಹೊಲಿಗೆ ಎಳೀಬಾರದು. ನನ್ನ ಸುಟ್ಟ ಹಪ್ಪಳವನ್ನ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ನಿಧಾನಕ್ಕೆ ಮೆತ್ತಗಾಗಿಸಿ, ಒಂದೆರಡು ಹನಿ ಹರಳೆಣ್ಣೆ ಉಜ್ಜಿ, ಅಚ್ಚು ಹಾಕಿ ನಾಲ್ಕು ದಿನ ನೆರಳಲ್ಲಿಟ್ಟ. ಪೂರ್ತಿ ಸರಿಹೋಗಲಿಲ್ಲ. ಕಿರುಬೆರಳ ಬಿರುಕು ಹಾಗೇ ಉಳೀತು. ಆದರೆ ಶೂ ಶೂ ಆಯ್ತು.

ಇನ್ನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರ್ತೀನಿ. ಇದನ್ನ ಇಲ್ಲಿವರೆಗೆ ಎಲ್ಲೂ ಬರೆದಿಲ್ಲ.

2017ರ ಜುಲೈ. ಒಂದು ಶುಕ್ರವಾರ ಕಚೇರಿಯ ಒಬ್ಬರ ಹಳ್ಳಿ ಮನೆಯಲ್ಲಿ ಪೂಜೆ, ಊಟ. ಎಲ್ಲರೂ ಹೋಗಿದ್ವಿ. ಹಳೇ ಕಾಲದ ದೊಡ್ಡ ಮನೆ. ಜಗಲಿ ಮೇಲೆ ಸಾಲಾಗಿ ಚಪ್ಪಲಿ, ಶೂ ಬಿಟ್ಟು ಒಳಗೆ ಹೋದ್ವಿ. ನನ್ನದೂ ಅದೇ ಸಾಲಲ್ಲಿ, ಕಂಬದ ಪಕ್ಕ. ಊಟಕ್ಕೆ ನನ್ನನ್ನ ಎಲ್ಲರ ಜೊತೆಗೇ ಕೂರಿಸಿದ್ರು, ಸುಳ್ಳು ಹೇಳಬಾರದು. ಪಂಕ್ತಿಯ ಕೊನೆ ಎಲೆ ನನ್ನದಾಗಿತ್ತು. ಅದು ಆಕಸ್ಮಿಕ ಇರಬಹುದು ಅಂದ್ಕೊಂಡೆ.

ಊಟ ಮುಗಿಸಿ ಹೊರಗೆ ಬಂದ್ರೆ ಎಲ್ಲರ ಚಪ್ಪಲಿ ಶೂ ಇಟ್ಟಲ್ಲೇ ಬೆಚ್ಚಗೆ ಇದಾವೆ. ನನ್ನ ಶೂ ಇಲ್ಲ. ಹುಡುಕಿದೆ. ಅಂಗಳದಾಚೆ, ಕೊಟ್ಟಿಗೆ ಸೂರಿನ ಕೆಳಗೆ, ಹೆಂಚಿನ ನೀರು ದಾರೆಯಾಗಿ ಬೀಳೋ ಜಾಗದಲ್ಲಿ ಬಾಯಿ ಮೇಲೆ ಮಾಡಿ ಇದ್ವು. ತುಂಬಿ ಹರೀತಾ ಇದ್ವು. ಪಕ್ಕದಲ್ಲಿ ಒಂದು ಕೋಲು ಬಿದ್ದಿತ್ತು. ಕೈಯಲ್ಲಿ ಮುಟ್ಟಿ ತಗೊಂಡು ಹೋಗಿದ್ದಲ್ಲ ಅಂತ ಅರ್ಥವಾಯ್ತು.

ಎಂಟು ಹತ್ತು ಜನ ಅಲ್ಲೇ ಚಪ್ಪಲಿ ಹಾಕ್ಕೊಳ್ತಾ ಇದ್ರು. ಯಾರೂ ಒಂದು ಮಾತು ಆಡಲಿಲ್ಲ. ನಾನೂ ಆಡಲಿಲ್ಲ. ಮಳೆಯಲ್ಲೇ ಅಂಗಳ ದಾಟಿ ಹೋಗಿ, ಶೂ ಬೋರಲು ಹಾಕಿ ನೀರು ಚೆಲ್ಲಿ, ಕಾಲು ತೂರಿಸಿ, ಪಚಪಚ ಅನ್ನಿಸ್ಕೊಂಡು ಬಂದು ಜೀಪು ಹತ್ತಿದೆ. ದಾರಿಯುದ್ದಕ್ಕೂ ಅಡಿಕೆ ರೇಟಿನ ಮಾತು ನಡೀತು.

ಬೇರೆಯವರಿಗೆ ಹೀಗಾದ್ರೆ ಅರ್ಜಿ ಬರೆಯೋನು ನಾನು. ಠಾಣೆಗೆ ಹೋಗಿ ಎಫ್‌ಐಆರ್ ಆಗೋ ತನಕ ಕೂರೋನು ನಾನು. ಕಾನೂನು ಬಾಯಿಪಾಠ. ದೌರ್ಜನ್ಯ ತಡೆ ಕಾಯ್ದೆ 1989ರದ್ದು. ಅದಕ್ಕೆ 2015ರಲ್ಲಿ ತಿದ್ದುಪಡಿ ಆಗಿ 2016ರ ಜನವರಿ 26ರಿಂದ ಜಾರಿಗೆ ಬಂತು. ಕಲಂ 3(1)ರ ‘ಝಡ್‌ಎ’ ತೆಗೆದು ಓದಿ. ಸಾರ್ವಜನಿಕ ಜಾಗದಲ್ಲಿ ನಮ್ಮವರು ಸೈಕಲ್ಲು, ಮೋಟಾರ್ ಸೈಕಲ್ಲು ಹತ್ತೋದನ್ನ, ಪಾದರಕ್ಷೆ ಹಾಕೋದನ್ನ, ಹೊಸ ಬಟ್ಟೆ ಉಡೋದನ್ನ, ಮದುವೆ ಮೆರವಣಿಗೆ ತೆಗೆಯೋದನ್ನ ತಡೆದ್ರೆ ಅಪರಾಧ. ಪಾದರಕ್ಷೆ ಅನ್ನೋ ಮಾತು ದೇಶದ ಕಾನೂನಲ್ಲಿ ಅಚ್ಚಾಗಿದೆ. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನಡೆಸಿದ ಬೀದಿಗಳು ಈ ದೇಶದಲ್ಲಿ ಇನ್ನೂ ಇದಾವೆ ಅಂತ ಪಾರ್ಲಿಮೆಂಟೇ ಒಪ್ಪಿಕೊಂಡ ಸಾಕ್ಷಿ ಅದು.

ಆದರೆ ನನ್ನನ್ನ ಯಾರೂ ಶೂ ಹಾಕಬೇಡ ಅನ್ನಲಿಲ್ಲವಲ್ಲ. ಶೂ ಹಾಕೋದನ್ನ ತಡೆದ್ರೆ ಕಲಂ ಇದೆ, ಶೂವನ್ನ ಕೋಲಲ್ಲಿ ತಳ್ಳಿ ಸೂರಿನ ನೀರಿಗಿಟ್ರೆ ಯಾವ ಕಲಂ? 3(1)(ಆರ್) ಇದೆ. ಅವಮಾನ ಮಾಡೋ ಉದ್ದೇಶದಿಂದ, ಸಾರ್ವಜನಿಕರಿಗೆ ಕಾಣುವಂಥ ಜಾಗದಲ್ಲಿ ಮಾಡಿರಬೇಕು. ಯಾರು ಮಾಡಿದ್ದು? ನೋಡಿಲ್ಲ. ಉದ್ದೇಶ ಏನು? "ಜಾಗ ಸಾಲಲಿಲ್ಲ, ಕೆಲಸದ ಹುಡುಗ ಸರಿಸಿದ" ಅಂದ್ರೆ ಮುಗೀತು. ಜೀಪಲ್ಲಿ ಕೂತು ನಾನೇ ನನ್ನ ವಿರುದ್ಧದ ವಕೀಲನಾಗಿ ಎಲ್ಲಾ ವಾದ ಮಾಡಿ ನನ್ನ ಕೇಸು ನಾನೇ ಮುಚ್ಚಿದ್ದೆ.

ಮನೆಗೆ ಬಂದು ಶೂ ಬಿಚ್ಚಿ ಮೂಲೆಗೆ ಎಸೆದೆ. ಅಪ್ಪ ಎತ್ತಿಕೊಂಡ. ಒಳಗೆ ಕೈ ಹಾಕಿ ನೋಡಿದ, ಹೊರಗೆ ಸವರಿದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ.

"ಸೂರಿನ ನೀರಾ?"

ನಾನು ಬಾಯಿ ಬಿಟ್ಟಿರಲಿಲ್ಲ. ಹೇಗೆ ಗೊತ್ತಾಯ್ತು ಅಂದೆ.

"ಮಳೇಲಿ ನಡೆದ್ರೆ ಮುಂಗಾಲು, ಹೊಲಿಗೆ, ಅಟ್ಟೆ ನೆನೀತದೆ. ಒಳಗೆ ಹಿಮ್ಮಡಿ ಮೇಲೆ ಅಷ್ಟು ನೀರು ಹೋಗಲ್ಲ. ಇದು ಮೇಲಿಂದ ತುಂಬಿದ್ದು. ಒಳಗೆ ಹೆಂಚಿನ ಪಾಚಿ ಅದೆ, ನೋಡು." ಬೆರಳ ತುದಿಯಲ್ಲಿ ಹಸಿರು ಚೂರು ತೋರಿಸಿದ.

ಎಲ್ಲಾ ಹೇಳಿದೆ. ಅಪ್ಪ ಸಿಟ್ಟಾಗಲಿಲ್ಲ. "ಕೇಸ್ ಹಾಕ್ತೀಯಾ?" ಅಂತ ಕೇಳಿದ. ಇಲ್ಲ ಅಂದೆ. ಸಾಕ್ಷಿ ಇಲ್ಲ ಅಂದೆ. ಮಕ್ಕಳ ಓದು, ವರ್ಗಾವಣೆ, ಏನೇನೋ ಹೇಳಿದೆ. ಅಪ್ಪ ಎಲ್ಲಾ ಕೇಳಿಸ್ಕೊಂಡು ಒಂದೇ ಮಾತು ಹೇಳಿದ.

"ಹಂಗಾರೆ ಸೋಮವಾರ ಇದನ್ನೇ ಹಾಕ್ಕಂಡು ಹೋಗು."

ನಮ್ಮ ಕೈಯಲ್ಲಿ ಮೂರು ರಾತ್ರಿ, ಎರಡು ಹಗಲು, ಸೋಮವಾರದ ಒಂದು ಬೆಳಗು. ಮಲೆನಾಡಿನ ಜುಲೈ. ಬಿಸಿಲು ಅನ್ನೋದು ಇಲ್ಲ. ಅಪ್ಪ ಮಾಡಿದ್ದನ್ನ ಹಾಗೇ ಬರೀತೀನಿ, ಯಾರಿಗಾದ್ರೂ ಉಪಯೋಗ ಆಗ್ತದೆ.

ಶುಕ್ರವಾರ ರಾತ್ರಿ ಮೊದಲು ದಾರ ಪೂರ್ತಿ ಬಿಚ್ಚಿ, ನಾಲಿಗೆ ಹೊರಕ್ಕೆ ಎಳೆದು, ಒಳಗಿನ ತೆಳು ಅಟ್ಟೆ ತೆಗೆದು ಬೇರೆ ಒಣಗಲು ಇಟ್ಟ. ಒಣ ಬಟ್ಟೆಯಲ್ಲಿ ಒತ್ತಿದ, ಉಜ್ಜಲಿಲ್ಲ. ಆಮೇಲೆ ಹಳೆ ಪೇಪರ್ ಉಂಡೆ ಮಾಡಿ ಬೆರಳ ತುದಿಯಿಂದ ತುಂಬುತ್ತಾ ಬಂದ. ಗಟ್ಟಿಯಾಗಿ ಜಡೀಬಾರದು, ಜಡಿದ್ರೆ ಒದ್ದೆ ಚರ್ಮ ಅಗಲ ಆಗಿಬಿಡ್ತದೆ. ಪಾದ ಒಳಗಿದ್ರೆ ಎಷ್ಟು ತುಂಬಿರುತ್ತದೋ ಅಷ್ಟೇ. ಮೊದಲ ಪೇಪರ್ ಒಂದು ಗಂಟೆಯಲ್ಲಿ ನೆನೆದು ಮುದ್ದೆ ಆಯ್ತು. ತೆಗೆದು ಹೊಸದು. ಮಲಗೋ ಮುಂಚೆ ಇನ್ನೊಂದು ಸಲ. ರಾತ್ರಿ ಎರಡು ಗಂಟೆಗೆ ಸದ್ದಾಗಿ ಎದ್ದು ನೋಡಿದ್ರೆ ಅಪ್ಪ ಲೈಟ್ ಹಾಕ್ಕೊಂಡು ಪೇಪರ್ ಬದಲಾಯಿಸ್ತಾ ಕೂತಿದ್ದ.

ಶನಿವಾರ ಶೂಗಳನ್ನ ನೆಲಕ್ಕೆ ಊರಿಸದೆ ಬದಿಗೆ ಮಲಗಿಸಿ ಇಟ್ಟ, ಅಟ್ಟೆಗೂ ಗಾಳಿ ಬೇಕು. ಒಲೆಯಿಂದ ದೂರ. ಗಾಳಿಯಾಡೋ ಕಡೆ, ನೆರಳಲ್ಲಿ. ಫ್ಯಾನಿನ ಗಾಳಿ ಆದೀತು, ಬಿಸಿ ಗಾಳಿ ಆಗದು. ಅವತ್ತು ಪೇಪರನ್ನ ನಾಲ್ಕೈದು ಗಂಟೆಗೊಮ್ಮೆ ಬದಲಾಯಿಸಿದ. ತೆಗೆದ ಪೇಪರ್ ಮುಟ್ಟಿದ್ರೆ ತಣ್ಣಗಿದೆ ಅಂದ್ರೆ ಇನ್ನೂ ಪಸೆ ಇದೆ ಅಂತ ಲೆಕ್ಕ.

ಭಾನುವಾರ ಬೆಳಿಗ್ಗೆ ಪೇಪರ್ ಒಣಗಿದ್ದೇ ಬಂತು. ಆಗ ಬೂರುಗದ ಅಚ್ಚು ಹಾಕಿ ಬೆಣೆ ಕೂರಿಸಿದ. ಚರ್ಮ ಇನ್ನೂ ಸ್ವಲ್ಪ ಮೆತ್ತಗಿರುವಾಗಲೇ ಅಚ್ಚು ಹೋಗಬೇಕು, ಪೂರ್ತಿ ಒಣಗಿ ಸೆಟೆದ ಮೇಲೆ ಹಾಕಿದ್ರೆ ಸುಕ್ಕು ಬಿಡೋದಿಲ್ಲ. ಮಡಿಕೆ ಬಿದ್ದ ಕಡೆ ಹೆಬ್ಬೆರಳಲ್ಲಿ ಮೆಲ್ಲಗೆ ತೀಡಿದ. ಪಾಲಿಶ್ ಮುಟ್ಟೋಕೆ ಬಿಡಲಿಲ್ಲ. ಒಳಗೆ ಪಸೆ ಇದ್ದಾಗ ಮೇಲೆ ಪಾಲಿಶ್ ಹಚ್ಚಿದ್ರೆ ನೀರು ಒಳಗೇ ಸಿಕ್ಕಿಕೊಂಡು ಬೂಸ್ಟು ಹಿಡೀತದೆ.

ಸೋಮವಾರ ಬೆಳಿಗ್ಗೆ ಐದಕ್ಕೆ ಅಚ್ಚು ತೆಗೆದು ಪಾಲಿಶ್ ಹಚ್ಚಿ, ಹತ್ತು ನಿಮಿಷ ಬಿಟ್ಟು ಬ್ರಷ್ ಮಾಡಿದ. ಹಾಕ್ಕೊಳ್ಳೋಕೆ ಒಂದು ಚಮಚದ ಹಿಡಿ ಕೊಟ್ಟ, ಹಿಮ್ಮಡಿ ಭಾಗ ತುಳೀಬಾರದು ಅಂತ. ಎಂಟೂವರೆಗೆ ಕುರುವಳ್ಳಿ ಸೇತುವೆ ದಾಟಿ ಆ ಶೂನಲ್ಲೇ ಕಚೇರಿಗೆ ಹೋದೆ.

ಏನೂ ಆಗಲಿಲ್ಲ. ಯಾರೂ ಕ್ಷಮೆ ಕೇಳಲಿಲ್ಲ. ಇಬ್ಬರು ನನ್ನ ಕಾಲು ನೋಡಿ ಫೈಲಿಗೆ ತಲೆ ಹಾಕಿದ್ರು. ಮಧ್ಯಾಹ್ನ ಟೀ ತಂದ ಅಟೆಂಡರ್, ಹಿರಿಯರು, ನಿವೃತ್ತಿಗೆ ಹತ್ತಿರ ಇದ್ದವರು, ಲೋಟ ಇಡ್ತಾ ಮೆಲ್ಲಗೆ ಕೇಳಿದ್ರು.

"ಒಣಗ್ತಾ?"

"ನೀವು ನೋಡಿದ್ರಾ?" ಅಂದೆ.

"ಎಲ್ರೂ ನೋಡಿದ್ರು ಮಾರಾಯ್ರೆ" ಅಂದು ಹೋದ್ರು.

ಸಾಕ್ಷಿ ಇಲ್ಲ ಅಂತ ನಾನು ಅಪ್ಪನಿಗೆ ಹೇಳಿದ್ದೆ. ಸಾಕ್ಷಿ ಇತ್ತು. ನಾನು ಕೇಳಿರಲಿಲ್ಲ ಅಷ್ಟೆ. ಆ ಮಾತು ಕೇಳಿದ ಮೇಲೂ ನಾನು ಕೇಸ್ ಹಾಕಲಿಲ್ಲ. ಆ ಹಿರಿಯರನ್ನ ಸಾಕ್ಷಿಗೆ ಬನ್ನಿ ಅಂತ ಕರೀಲಿಲ್ಲ. ಇದಕ್ಕೆ ನನ್ನ ಹತ್ರ ಸಮಜಾಯಿಷಿ ಇಲ್ಲ. ವೇದಿಕೆ ಮೇಲೆ ಧೈರ್ಯದ ಮಾತಾಡುವಾಗೆಲ್ಲಾ ಆ ಟೀ ಲೋಟ ಕಣ್ಣ ಮುಂದೆ ಬರ್ತದೆ. ನನ್ನ ಭಾಷಣ ಕೇಳಿ ಚಪ್ಪಾಳೆ ತಟ್ಟಿದವರಿಗೆ ಇದು ಗೊತ್ತಿರಲಿ ಅಂತಲೇ ಬರೀತಿದೀನಿ.

ಅಪ್ಪ 2020ರಲ್ಲಿ ಹೋದ. ಆ ಶೂಗೆ ಎರಡು ಸಲ ಅಟ್ಟೆ ಹಾಕಿಸಿ ಕೊನೆಗೆ ಬಿಟ್ಟೆ. ಈಗಿನದು ಬೇರೆ ಶೂ. ಅಚ್ಚು ಅದೇ.

ಈಗ ನಮ್ಮ ಹುಡುಗನ ಪ್ರಶ್ನೆಗೆ ಬರೋಣ.

ತಮ್ಮಾ, ಹೊರಿಸಿದ ಕಸುಬನ್ನ ಬಿಡೋದು ಬೇರೆ, ಆ ಕಸುಬಿನ ಒಳಗಿದ್ದ ಅರಿವನ್ನ ಹೇಸಿಗೆ ಅಂದ್ಕೊಳ್ಳೋದು ಬೇರೆ. ಮೊದಲನೆಯದು ಬಾಬಾಸಾಹೇಬರು ಕಲಿಸಿದ್ದು. ಎರಡನೆಯದು ಹಾಳೆ ಮೇಲೆ ಕಾಲೊತ್ತಿ ಹೋದವರು ಕಲಿಸಿದ್ದು. ಹರಳಯ್ಯ ಕಲ್ಯಾಣಮ್ಮನ ಕಥೆ ನಮಗೆಲ್ಲಾ ಗೊತ್ತು. ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಪಾದರಕ್ಷೆ ಮಾಡಿದ್ರು, ಬಸವಣ್ಣ ಮೆಟ್ಟದೆ ತಲೆ ಮೇಲಿಟ್ಟುಕೊಂಡ ಅಂತ. ತೊಡೆ ಕೊಟ್ಟ ಭಕ್ತಿಯನ್ನ ಎಲ್ಲರೂ ಹೊಗಳ್ತಾರೆ. ಆ ಚರ್ಮವನ್ನ ಹದ ಮಾಡಿ, ಅಳತೆಗೆ ಕತ್ತರಿಸಿ, ಹೊಲಿದ ಕೈಯ ಬಗ್ಗೆ ಯಾರೂ ಮಾತಾಡೋದಿಲ್ಲ. ಮಾದಾರ ಚೆನ್ನಯ್ಯನಿಗೆ ಆ ಸಂಕೋಚ ಇರಲಿಲ್ಲ. ಅವನ ಅಂಕಿತದಲ್ಲೇ ಉಳಿ, ಕತ್ತಿ, ಅಡಿಗುಂಟ ಇದಾವೆ.

ಇನ್ನೊಂದು ಕಡೆ ನೋಡು. ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಸಿಕ್ಕಿದೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆ‍ಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಅದರಲ್ಲಿ ಸೇರಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದ್ದೇ ಚಪ್ಪಲಿಯನ್ನ ಮಿಲಾನ್ ಫ್ಯಾಷನ್ ಶೋನಲ್ಲಿ ತೋರಿಸಿತು. ಹುಟ್ಟೂರಿನ ಹೆಸರು ಹೇಳಲಿಲ್ಲ ಅಂತ ಗಲಾಟೆ ಆದ ಮೇಲೆ ಒಪ್ಪಿಕೊಂಡಿತು. ಅಥಣಿ, ನಿಪ್ಪಾಣಿಯ ಕೈಗಳಿಂದ ಹುಟ್ಟಿದ್ದು ಮಿಲಾನಿಗೆ ಹೋದ್ರೆ ಫ್ಯಾಷನ್, ನನ್ನ ತೊಡೆ ಮೇಲಿದ್ರೆ ನಾಚಿಕೆ ಯಾಕಾಗಬೇಕು?

ಬಾಬಾಸಾಹೇಬರ ಸೂಟು ಬೂಟಿನ ಬಗ್ಗೆ ಎಲ್ಲರೂ ಮಾತಾಡ್ತೀವಿ. ಆದರೆ 1927ರ ಡಿಸೆಂಬರಲ್ಲಿ ಮಹಾಡದಲ್ಲಿ ಅವರು ನಮ್ಮ ಹೆಣ್ಣುಮಕ್ಕಳಿಗೆ ಹೇಳಿದ ಮಾತಿನ ಸಾರ ನೆನಪಿಟ್ಕೊ. ಸೀರೆ ಉಡೋ ರೀತಿಯಲ್ಲೇ ಜಾತಿ ಗುರುತು ಸಿಗೋ ಹಾಗೆ ಇರಬೇಡಿ, ತೇಪೆ ಹಾಕಿದ್ದಾದ್ರೂ ಸರಿ ಚೊಕ್ಕಟವಾಗಿರಲಿ ಅಂದ್ರು. ದುಬಾರಿ ಬಟ್ಟೆ ಹಾಕಿ ಅನ್ನಲಿಲ್ಲ. ಇರೋದನ್ನ ನೋಡ್ಕೊಳ್ಳಿ ಅಂದ್ರು. ನೂರೈವತ್ತರ ಪ್ಲಾಸ್ಟಿಕ್ ಚಪ್ಪಲಿ ಬಗ್ಗೆ ನನಗೆ ತಕರಾರಿಲ್ಲ. ಗದ್ದೆಗೆ ನಾನೂ ಅದನ್ನೇ ಹಾಕ್ತೀನಿ. ಆದರೆ "ನಮಗೆ ಇಷ್ಟು ಸಾಕು" ಅನ್ನೋ ಮಾತು ನಮ್ಮ ಬಾಯಿಗೆ ಎಲ್ಲಿಂದ ಬಂತು ಅಂತ ಒಂದು ಸಲ ಯೋಚಿಸು.

ಕೊನೆಗೆ ನಾಲ್ಕು ಕೆಲಸದ ಮಾತು.

ದಿನಾ ಒಂದೇ ಶೂ ಹಾಕಬೇಡಿ. ಕಾಲಿನ ಬೆವರೂ ನೀರೇ, ಅದು ಆರೋಕೆ ಒಂದು ದಿನ ಬೇಕು. ಎರಡು ಜೊತೆ ಇಲ್ಲದಿದ್ರೆ ವಾರದಲ್ಲಿ ಎರಡು ದಿನ ಚಪ್ಪಲಿ ಹಾಕಿ. ಸಂಜೆ ಬಿಚ್ಚಿದ ತಕ್ಷಣ, ಶೂ ಇನ್ನೂ ಬೆಚ್ಚಗಿರುವಾಗಲೇ ಒಣ ಪೇಪರ್ ತುಂಬಿ. ದಾರ ಬಿಚ್ಚದೆ ಕಾಲು ಎಳೀಬೇಡಿ, ಹಿಮ್ಮಡಿ ಭಾಗ ಒಮ್ಮೆ ಮುರಿದ್ರೆ ಸರಿ ಮಾಡೋದು ಬಲು ಕಷ್ಟ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡಬೇಡಿ, ಹಳೆ ಕಾಟನ್ ಬಟ್ಟೆಯ ಚೀಲ ಸಾಕು. ಬೂಸ್ಟು ಬಂದ್ರೆ ಮನೆ ಹೊರಗೆ ಒಣ ಬಟ್ಟೆಯಲ್ಲಿ ಒರೆಸಿ, ಗಾಳಿಗಿಟ್ಟು, ಆಮೇಲೆ ಪಾಲಿಶ್. ಕೊಬ್ಬರಿ ಎಣ್ಣೆ ಸುರೀಬೇಡಿ, ಚರ್ಮ ಜೋತುಬೀಳ್ತದೆ. ಅಟ್ಟೆ ಸವೆದ್ರೆ ಬಸ್ ಸ್ಟ್ಯಾಂಡ್ ಹತ್ರ ಕೊಡೆ ಕೆಳಗೆ ಕೂರೋ ಹಿರಿಯರ ಹತ್ರ ಹೋಗಿ. ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ. ಶೂವನ್ನ ನೆಲಕ್ಕೆ ಹಾಕಿ ಕಾಲಲ್ಲಿ ಅವರ ಕಡೆ ತಳ್ಳಬೇಡಿ, ಕೈಗೆ ಕೊಡಿ.

ಇನ್ನೊಂದು ಮಾತು ಅಪ್ಪನದಲ್ಲ, ನಾನೇ ಪೆಟ್ಟು ತಿಂದು ಕಲಿತದ್ದು. ನಿಮ್ಮ ಚಪ್ಪಲಿಯನ್ನ ಯಾರಾದ್ರೂ ಕೋಲಲ್ಲಿ ತಳ್ಳಿದ್ರೆ, ಅದನ್ನ ಎತ್ತಿಕೊಳ್ಳೋ ಮುಂಚೆ ಫೋನ್ ತೆಗೆದು ಇದ್ದ ಜಾಗದಲ್ಲೇ ಫೋಟೋ ಹೊಡೀರಿ. ಕೋಲಿದ್ರೆ ಕೋಲೂ ಬರಲಿ. ಅಲ್ಲಿ ಯಾರ್ಯಾರಿದ್ರು, ಗಂಟೆ ಎಷ್ಟು, ಅವತ್ತೇ ಬರೆದಿಡಿ. "ನೀವು ನೋಡಿದ್ರಾ" ಅಂತ ಅಲ್ಲೇ, ಆಗಲೇ, ಗಟ್ಟಿಯಾಗಿ ಕೇಳಿ. ಹೌದು ಅನ್ನೋನು ಒಬ್ಬನಾದ್ರೂ ಸಿಗಬಹುದು. ನಾನು ಮೂರು ದಿನ ತಡ ಮಾಡಿದೆ.

ಅದೆಲ್ಲಾ ಆದ ಮೇಲೆ ಮನೆಗೆ ಬಂದು ಪೇಪರ್ ತುಂಬಿ. ಒಲೆ ಹತ್ರ ಇಡಬೇಡಿ.

ಆ ಹುಡುಗನಿಗೆ ಬರೋ ಭಾನುವಾರ ಅಚ್ಚು ತೋರಿಸ್ತೀನಿ ಅಂತ ಹೇಳಿದೀನಿ. ಅವನ ಕಾಲಿಗೆ ಹೊಂದೋದಿಲ್ಲ, ಅಳತೆ ಬೇರೆ. ಬೂರುಗದ ಮರ ಸಿಕ್ರೆ ಇಬ್ಬರೂ ಕೂತು ಒಂದು ಕೆತ್ತೋದು ಅಂತ ಇದೆ. ಅಪ್ಪನಷ್ಟು ಕೈ ನನಗಿಲ್ಲ, ನೋಡೋಣ.

ಜೈ ಭೀಮ್.